ಇನ್ಸಿಯಾಡ್‌ಗೆ ಹೊರಟವರಿಗೆ: ಕಾಗದಪತ್ರ, ಮನೆ, ಅಡುಗೆ, ಪಾಠ

ಫ್ರಾನ್ಸಿನ ಇನ್ಸಿಯಾಡ್‌ನಲ್ಲಿ ಎಂಬಿಎಗೆ ಸೀಟು ಸಿಕ್ಕಿದೆ ಎಂದುಕೊಳ್ಳಿ. ಮನೆಯವರ ಸಂಭ್ರಮ ತಣ್ಣಗಾಗುತ್ತಿದ್ದಂತೆ ಪ್ರಶ್ನೆಗಳು ಒಂದೊಂದಾಗಿ ಏಳುತ್ತವೆ. ಎಲ್ಲಿ ಉಳಿದುಕೊಳ್ಳುವುದು? ಭಾಷೆ ಬರದೆ ನಡೆಯುತ್ತದೆಯೇ? ಸಸ್ಯಾಹಾರಿಗಳ ಗತಿಯೇನು? ಮದುವೆಯಾಗಿದ್ದರೆ ಜೊತೆಗೆ ಕರೆದುಕೊಂಡು ಹೋಗಬಹುದೇ? ಇವಕ್ಕೆಲ್ಲ ಉತ್ತರಗಳಿವೆ. ಆದರೆ ಅದಕ್ಕೂ ಮೊದಲು ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಈ ಕೋರ್ಸಿನ ಪಾಠದ ಅವಧಿ ಹತ್ತೇ ತಿಂಗಳು. ಎರಡು ವರ್ಷದ ಎಂಬಿಎ ಆದರೆ ಮೊದಲ ಸೆಮಿಸ್ಟರ್ ಊರಿಗೆ ಒಗ್ಗಿಕೊಳ್ಳುವುದರಲ್ಲೇ ಕಳೆದರೂ ನಡೆದೀತು. ಇಲ್ಲಿ ಆ ಸಾವಧಾನವಿಲ್ಲ. ಆದ್ದರಿಂದ ಮನೆ, ಬ್ಯಾಂಕ್, ವಿಮೆ, ಅಡುಗೆಮನೆ ಇಷ್ಟನ್ನೂ ಮೊದಲ ತರಗತಿಗೆ ಮುಂಚೆಯೇ ಮುಗಿಸಿಕೊಳ್ಳಿ. ಸಾಧ್ಯವಾದರೆ ಎರಡು ವಾರ ಮೊದಲೇ ಹೋಗಿ ಇಳಿಯಿರಿ.

ಶಾಲೆಯ ಪರಿಚಯ ಮೊದಲು. ಇನ್ಸಿಯಾಡ್ ಸ್ಥಾಪನೆಯಾದದ್ದು 1957ರಲ್ಲಿ. 1959ರಲ್ಲಿ ಮೊದಲ ತರಗತಿ ನಡೆದದ್ದು ಫೊಂತೆನ್‌ಬ್ಲೋ ಊರಿನ ಅರಮನೆಯಲ್ಲಿ. ಈಗಿನ ಕ್ಯಾಂಪಸ್ಸಿಗೆ ಶಾಲೆ ಬಂದದ್ದು 1967ರಲ್ಲಿ. ಆಮೇಲೆ ಸಿಂಗಪುರದಲ್ಲಿ, ಅಬುಧಾಬಿಯಲ್ಲಿ ಕ್ಯಾಂಪಸ್ಸುಗಳಾದವು. ವರ್ಷಕ್ಕೆ ಎರಡು ಸಲ ಹೊಸ ತಂಡ ಸೇರುತ್ತದೆ. ಆಗಸ್ಟ್ ಕೊನೆಗೆ ಸೇರುವವರು ಮುಂದಿನ ಜುಲೈಗೆ ಮುಗಿಸುತ್ತಾರೆ. ಜನವರಿಗೆ ಸೇರುವವರಿಗೆ ನಡುವೆ ಬೇಸಿಗೆ ರಜೆ ಇರುತ್ತದೆ, ಆಗ ಇಂಟರ್ನ್‌ಶಿಪ್, ಅಂದರೆ ಕಂಪನಿಯೊಂದರಲ್ಲಿ ತಾತ್ಕಾಲಿಕ ಕೆಲಸ ಮಾಡಿ, ಡಿಸೆಂಬರಿಗೆ ಮುಗಿಸುತ್ತಾರೆ. ವರ್ಷವನ್ನು ಐದು ‘ಪೀರಿಯಡ್’ಗಳಾಗಿ ಒಡೆದಿದ್ದಾರೆ. ಒಂದೊಂದೂ ಎರಡು ತಿಂಗಳ ಆಸುಪಾಸು. ಮಾತಿನಲ್ಲಿ ಎಲ್ಲರೂ ಪಿ-ಒನ್, ಪಿ-ಟೂ ಎನ್ನುತ್ತಾರೆ.

ಫೊಂತೆನ್‌ಬ್ಲೋ ಪ್ಯಾರಿಸ್ ಅಲ್ಲ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಹೊರಡಿ. ಪ್ಯಾರಿಸ್ಸಿನ ಆಗ್ನೇಯಕ್ಕೆ ಅರವತ್ತು ಕಿಲೋಮೀಟರಿನಷ್ಟು ದೂರದಲ್ಲಿ, ದೊಡ್ಡ ಕಾಡಿನ ನಡುವೆ ಇರುವ ಸಣ್ಣ ಊರು. ಫ್ರಾನ್ಸಿನ ರಾಜರು ಬೇಟೆಗೆ ಬರುತ್ತಿದ್ದ ಕಾಡು ಇದು. ಅರಮನೆ 1981ರಿಂದ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಯಲ್ಲಿದೆ. 1814ರಲ್ಲಿ ನೆಪೋಲಿಯನ್ ತನ್ನ ಸೈನಿಕರಿಗೆ ವಿದಾಯ ಹೇಳಿದ್ದು ಇದೇ ಅರಮನೆಯ ಅಂಗಳದಲ್ಲಿ. ಬೆಂಗಳೂರಿನ ಗದ್ದಲಕ್ಕೆ ಒಗ್ಗಿದವರಿಗೆ ಮೊದಲ ವಾರ ಇಲ್ಲಿನ ಸಂಜೆಗಳು ತೀರಾ ಮೌನ ಅನ್ನಿಸುತ್ತವೆ. ಭಾನುವಾರ ಮಧ್ಯಾಹ್ನ ಅಂಗಡಿಗಳು ಬಾಗಿಲು ಹಾಕುತ್ತವೆ, ಸೋಮವಾರವೂ ಹಲವು ತೆರೆಯುವುದಿಲ್ಲ. ಶನಿವಾರ ಸಾಮಾನು ತರುವುದನ್ನು ರೂಢಿ ಮಾಡಿಕೊಳ್ಳಿ.

ಈಗ ಊರಲ್ಲೇ ಮಾಡಬೇಕಾದ ಕೆಲಸ. ವೀಸಾಕ್ಕೆ ಮೊದಲು ‘ಕ್ಯಾಂಪಸ್ ಫ್ರಾನ್ಸ್’ ಎಂಬ ಸರಕಾರಿ ಸಂಸ್ಥೆಯ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಭಾರತದ ವಿದ್ಯಾರ್ಥಿಗಳಿಗೆ ಇದು ಕಡ್ಡಾಯ. ಅಲ್ಲಿ ಸಣ್ಣದೊಂದು ಸಂದರ್ಶನವೂ ಇರುತ್ತದೆ. ಅದಾದ ಮೇಲೆ ವೀಸಾ ಅರ್ಜಿಯನ್ನು ವಿಎಫ್‌ಎಸ್ ಕೇಂದ್ರದಲ್ಲಿ ಕೊಡಬೇಕು. ಬೆಂಗಳೂರಿನಲ್ಲೇ ಕೇಂದ್ರವಿದೆ, ದೆಹಲಿಗೆ ಓಡಬೇಕಿಲ್ಲ. ಸಿಗುವ ವೀಸಾದ ಹೆಸರು ವಿಎಲ್‌ಎಸ್-ಟಿಎಸ್. ದೀರ್ಘಾವಧಿಯ ವೀಸಾ ಮತ್ತು ವಾಸದ ಪರವಾನಗಿ ಎರಡೂ ಒಂದೇ ಚೀಟಿಯಲ್ಲಿ ಇರುವ ಬಗೆ ಅದು. ಖರ್ಚಿಗೆ ತಿಂಗಳಿಗೆ ಕನಿಷ್ಠ 615 ಯೂರೋ ಇದೆ ಎಂದು ತೋರಿಸಬೇಕು. ಅದು ವೀಸಾದ ಲೆಕ್ಕವಷ್ಟೇ. ಬದುಕಿನ ಲೆಕ್ಕ ಅದಕ್ಕಿಂತ ಬಹಳ ಹೆಚ್ಚು, ಮುಂದೆ ಹೇಳುತ್ತೇನೆ.

ನಮ್ಮ ಕಡೆಯವರಿಗೆ ವಿಶೇಷವಾಗಿ ಕಾಡುವ ಒಂದು ತೊಡಕು ಹೆಸರಿನದು. ನಮ್ಮಲ್ಲಿ ಅನೇಕರಿಗೆ ಮನೆತನದ ಹೆಸರಿಲ್ಲ. ಊರಿನದೋ ತಂದೆಯದೋ ಇನಿಷಿಯಲ್ ಇರುತ್ತದೆ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ, ಅಂಕಪಟ್ಟಿಯಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ಇನ್ನೊಂದು ರೀತಿ. ಫ್ರಾನ್ಸಿನ ಪ್ರತಿ ಅರ್ಜಿಯೂ ಮನೆತನದ ಹೆಸರು ಮತ್ತು ಸ್ವಂತ ಹೆಸರನ್ನು ಬೇರೆ ಬೇರೆ ಕೇಳುತ್ತದೆ. ಖಾಲಿ ಬಿಟ್ಟರೆ ಕಂಪ್ಯೂಟರ್ ಮುಂದಕ್ಕೆ ಬಿಡುವುದಿಲ್ಲ. ಪ್ರವೇಶದ ಅರ್ಜಿ ಹಾಕುವ ಮೊದಲೇ ಪಾಸ್‌ಪೋರ್ಟಿನಲ್ಲಿ ಎರಡೂ ಜಾಗ ತುಂಬುವಂತೆ ತಿದ್ದಿಸಿಕೊಳ್ಳಿ. ಆಮೇಲೆ ಶಾಲೆ, ವೀಸಾ, ಟಿಕೆಟ್, ಬ್ಯಾಂಕ್ ಎಲ್ಲದರಲ್ಲೂ ಪಾಸ್‌ಪೋರ್ಟಿನ ಹೆಸರನ್ನೇ ಅಕ್ಷರ ತಪ್ಪದೆ ಬರೆಯಿರಿ. ಮದುವೆಯಾದ ಹೆಣ್ಣುಮಕ್ಕಳು ಇನ್ನೊಂದು ವಿಷಯ ಗಮನಿಸಬೇಕು. ಫ್ರಾನ್ಸಿನ ಕಚೇರಿಗಳು ಹುಟ್ಟಿನ ಹೆಸರನ್ನೇ ಮುಖ್ಯ ಎಂದು ಹಿಡಿಯುತ್ತವೆ. ಗಂಡನ ಹೆಸರನ್ನು ‘ಬಳಕೆಯ ಹೆಸರು’ ಎಂಬ ಬೇರೆ ಜಾಗದಲ್ಲಿ ಬರೆಯುತ್ತಾರೆ.

ಜನನ ಪ್ರಮಾಣಪತ್ರವನ್ನು ಮರೆಯಬೇಡಿ. ಅಲ್ಲಿನ ಆರೋಗ್ಯ ವಿಮೆಗೆ ಅದು ಬೇಕು. ತಂದೆತಾಯಿಯರ ಹೆಸರು ಅದರಲ್ಲಿ ಇರಲೇಬೇಕು. ಅದಕ್ಕೆ ವಿದೇಶಾಂಗ ಸಚಿವಾಲಯದ ‘ಅಪೊಸ್ಟಿಲ್’, ಅಂದರೆ ವಿದೇಶದಲ್ಲೂ ಒಪ್ಪುವ ದೃಢೀಕರಣ ಮುದ್ರೆ, ಹಾಕಿಸಿಕೊಂಡೇ ಹೊರಡಿ. ಫ್ರಾನ್ಸಿಗೆ ಹೋದ ಮೇಲೆ ಇದನ್ನು ಮಾಡಿಸುವುದೆಂದರೆ ಊರಲ್ಲಿರುವ ಅಪ್ಪನೋ ಅಣ್ಣನೋ ಕಚೇರಿಯಿಂದ ಕಚೇರಿಗೆ ಅಲೆಯಬೇಕು.

ಹಣ ಕಳಿಸುವ ವಿಚಾರವೂ ಇಲ್ಲೇ ಬರಲಿ. ಎಂಬಿಎ ಶುಲ್ಕ ಈಗ ಒಂದು ಲಕ್ಷ ಯೂರೋ ದಾಟಿದೆ. ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ನಿಯಮದಂತೆ ಒಬ್ಬರು ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರ್‌ವರೆಗೆ ಹೊರದೇಶಕ್ಕೆ ಕಳಿಸಬಹುದು, ಆದ್ದರಿಂದ ಮಿತಿಯ ಚಿಂತೆಯಿಲ್ಲ. ಟಿಸಿಎಸ್ ಎಂಬ ಮುಂಗಡ ತೆರಿಗೆಯ ಬಗ್ಗೆ ಮಾತ್ರ ತಿಳಿದಿರಬೇಕು. ಬ್ಯಾಂಕಿನಿಂದ ತೆಗೆದ ವಿದ್ಯಾಸಾಲದ ಹಣ ಕಳಿಸಿದರೆ 2025ರ ಏಪ್ರಿಲ್‌ನಿಂದ ಅದು ಇಲ್ಲ. ಸ್ವಂತ ಹಣವಾದರೆ ವರ್ಷಕ್ಕೆ ಹತ್ತು ಲಕ್ಷ ರೂಪಾಯಿ ಮೀರಿದ ಭಾಗದ ಮೇಲೆ ಬ್ಯಾಂಕು ಹಿಡಿದುಕೊಳ್ಳುತ್ತದೆ. ಅದು ಕಳೆದುಹೋದ ಹಣವಲ್ಲ, ರಿಟರ್ನ್ ಸಲ್ಲಿಸುವಾಗ ಲೆಕ್ಕಕ್ಕೆ ಬರುತ್ತದೆ. ಆದರೂ ಕೈಯಲ್ಲಿ ಆ ಹೊತ್ತಿಗೆ ಅಷ್ಟು ಹೆಚ್ಚಿಗೆ ಇರಬೇಕಲ್ಲ, ಅದಕ್ಕಾಗಿ ಹೇಳಿದೆ.

ಇನ್ನು ಮನೆ. ಎಲ್ಲರೂ ಕ್ಯಾಂಪಸ್ಸಿನ ಒಳಗಿನ ಹಾಸ್ಟೆಲ್ ಕಲ್ಪಿಸಿಕೊಂಡು ಬರುತ್ತಾರೆ. ಇಲ್ಲಿ ಎಂಬಿಎ ವಿದ್ಯಾರ್ಥಿಗಳು ಹೊರಗೆ ಬಾಡಿಗೆ ಹಿಡಿಯುವುದೇ ರೂಢಿ. ಕೆಲವರು ಊರೊಳಗೆ ಒಂಟಿ ಕೋಣೆಯ ಸ್ಟುಡಿಯೋ ಹಿಡಿಯುತ್ತಾರೆ. ಹಲವರು ನಾಲ್ಕೈದು ಜನ ಸೇರಿ ದೊಡ್ಡ ಮನೆ ಹಿಡಿಯುತ್ತಾರೆ. ಸುತ್ತಲ ಹಳ್ಳಿಗಳಲ್ಲಿ ಹಳೆಯ ಬಂಗಲೆಗಳನ್ನು, ಶಾತೋ ಎನ್ನುವ ಜಮೀನ್ದಾರಿ ಮನೆಗಳನ್ನು ಹಂಚಿಕೊಂಡು ಇರುವುದೂ ಉಂಟು. ಮುಗಿಸಿ ಹೊರಡುವ ತಂಡದವರು ತಮ್ಮ ಕೋಣೆಯನ್ನು ಬರುವ ತಂಡದವರಿಗೆ ದಾಟಿಸುತ್ತಾರೆ. ಸೀಟು ಖಚಿತವಾದ ಕೂಡಲೇ ಹಳಬರನ್ನು ಸಂಪರ್ಕಿಸಿದರೆ ಒಳ್ಳೆಯ ಮನೆ ಸಿಗುತ್ತದೆ. ಬಾಡಿಗೆ ತಿಂಗಳಿಗೆ ಸಾವಿರ ಯೂರೋ ಆಸುಪಾಸು ಇರುತ್ತದೆ ಎಂದು ಲೆಕ್ಕ ಹಾಕಿಕೊಳ್ಳಿ.

ನನ್ನ ಅಭಿಪ್ರಾಯ ಕೇಳಿದರೆ, ಕಾರು ಓಡಿಸದವರು ಊರೊಳಗೇ ಇರಿ. ಹಳ್ಳಿಯ ಬಂಗಲೆ ಫೋಟೋದಲ್ಲಿ ಸೊಗಸು. ಆದರೆ ಬಸ್ಸು ಕಡಿಮೆ, ಚಳಿಗಾಲದಲ್ಲಿ ಅದನ್ನು ಬೆಚ್ಚಗಿಡಲು ಬರುವ ಬಿಲ್ಲು ಭಾರಿ. ಬಾಡಿಗೆ ಮಾತಾಡುವಾಗ ಎರಡು ಪ್ರಶ್ನೆ ಕೇಳಿ. ಕರೆಂಟು, ನೀರು, ಹೀಟಿಂಗ್ ಬಾಡಿಗೆಯಲ್ಲೇ ಸೇರಿದೆಯೇ? ಮನೆಯ ‘ದೇ-ಪೇ-ಎ’ ಎಷ್ಟು? ಮನೆ ಎಷ್ಟು ಶಕ್ತಿ ನುಂಗುತ್ತದೆ ಎಂದು ‘ಎ’ಯಿಂದ ‘ಜಿ’ವರೆಗೆ ಅಕ್ಷರದಲ್ಲಿ ತೋರಿಸುವ ಪತ್ರ ಅದು. ‘ಜಿ’ ದರ್ಜೆಯ ಮನೆಯನ್ನು 2025ರ ಜನವರಿಯಿಂದ ಹೊಸದಾಗಿ ಬಾಡಿಗೆಗೆ ಕೊಡುವಂತಿಲ್ಲ.

ಕರಾರಿನಲ್ಲಿ ಎರಡು ಬಗೆ ನಿಮಗೆ ಎದುರಾಗುತ್ತವೆ. ಸಾಮಾನ್ಯವಾದ ‘ಮಬ್ಲೇ’, ಅಂದರೆ ಪೀಠೋಪಕರಣ ಸಹಿತ ಬಾಡಿಗೆಯಲ್ಲಿ, ಮಾಲೀಕರು ಎರಡು ತಿಂಗಳ ಬಾಡಿಗೆಯವರೆಗೆ ಡೆಪಾಸಿಟ್ ಕೇಳಬಹುದು. ಅದಕ್ಕಿಂತ ಹೆಚ್ಚು ಕೇಳಲು ಕಾನೂನಿನಲ್ಲಿ ಅವಕಾಶವಿಲ್ಲ. ಹತ್ತು ತಿಂಗಳ ಮುಂಗಡಕ್ಕೆ ಒಗ್ಗಿದ ಬೆಂಗಳೂರಿಗರಿಗೆ ಇದು ಸಮಾಧಾನದ ಸುದ್ದಿ. ಇನ್ನೊಂದು ‘ಬಾಯ್ ಮೊಬಿಲಿತೆ’. ವಿದ್ಯಾರ್ಥಿಗಳು, ತರಬೇತಿಯಲ್ಲಿರುವವರು ಮುಂತಾದವರಿಗಾಗಿ 2018ರ ಕಾನೂನು ತಂದ ಅಲ್ಪಾವಧಿ ಕರಾರು. ಒಂದು ತಿಂಗಳಿಂದ ಹತ್ತು ತಿಂಗಳವರೆಗೆ ಮಾತ್ರ ಇರುತ್ತದೆ, ನವೀಕರಿಸಲು ಬರುವುದಿಲ್ಲ, ಡೆಪಾಸಿಟ್ ಕೇಳುವಂತೆಯೇ ಇಲ್ಲ. ಹತ್ತು ತಿಂಗಳ ಕೋರ್ಸಿಗೆ ಇದು ಹೇಳಿ ಮಾಡಿಸಿದ್ದು. ಮಾಲೀಕರನ್ನು ಕೇಳಿ ನೋಡಿ. ಒಪ್ಪಲೇಬೇಕು ಎಂದೇನಿಲ್ಲ, ಆದರೆ ಕೇಳದೆ ಯಾರೂ ಕೊಡುವುದಿಲ್ಲ.

ಎರಡರಲ್ಲೂ ‘ಗಾರಾಂ’ ಕೇಳುತ್ತಾರೆ. ಬಾಡಿಗೆ ನಿಂತರೆ ತಾನು ಕಟ್ಟುತ್ತೇನೆ ಎನ್ನುವ ಜಾಮೀನುದಾರ. ಫ್ರಾನ್ಸಿನಲ್ಲಿ ಬಂಧುಬಳಗ ಇಲ್ಲದವರು ಏನು ಮಾಡಬೇಕು? ‘ವಿಸಾಲ್’ ಎಂಬ ಉಚಿತ ಜಾಮೀನು ವ್ಯವಸ್ಥೆಯಿದೆ. 30 ವರ್ಷ ದಾಟದವರು ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. ಕರಾರಿಗೆ ಸಹಿ ಹಾಕುವ ಮೊದಲೇ ಆ ಪತ್ರ ಕೈಯಲ್ಲಿರಬೇಕು, ಆಮೇಲೆ ತಂದರೆ ಪ್ರಯೋಜನವಿಲ್ಲ. ವಯಸ್ಸು ಮೀರಿದವರಿಗೆ ಹಣ ತೆಗೆದುಕೊಂಡು ಜಾಮೀನು ನಿಲ್ಲುವ ಖಾಸಗಿ ಕಂಪನಿಗಳಿವೆ.

ಮನೆಯ ಒಳಗೆ ಕಾಲಿಡುವ ದಿನ ಮಾಲೀಕರು ಅಥವಾ ಏಜೆಂಟರು ನಿಮ್ಮೊಡನೆ ಕೋಣೆ ಕೋಣೆ ಸುತ್ತಿ ಗೋಡೆಯ ಗೀರು, ನಲ್ಲಿಯ ಸೋರಿಕೆ, ತಟ್ಟೆಲೋಟದ ಎಣಿಕೆ ಎಲ್ಲ ಬರೆಯುತ್ತಾರೆ. ಇದಕ್ಕೆ ‘ಎತಾ ದೆ ಲ್ಯೂ’ ಎನ್ನುತ್ತಾರೆ. ದಾಕ್ಷಿಣ್ಯಕ್ಕೆ ಬಿದ್ದು ಬೇಗ ಸಹಿ ಹಾಕಬೇಡಿ. ಪ್ರತಿ ಕಲೆಯನ್ನೂ ಬರೆಸಿ, ತಾರೀಖು ಕಾಣುವಂತೆ ಫೋಟೋ ತೆಗೆದಿಡಿ. ಹೊರಡುವ ದಿನ ಇದೇ ಕಾಗದ ಹಿಡಿದು ಮತ್ತೊಮ್ಮೆ ಸುತ್ತುತ್ತಾರೆ. ಇನ್ನೊಂದು ಎಚ್ಚರಿಕೆ: ಮನೆ ತೋರಿಸದೆ, ಕರಾರು ಕೊಡದೆ, ಮೊದಲು ಹಣ ಕಳಿಸಿ ಎನ್ನುವವರು ಯಾರೇ ಆಗಿರಲಿ, ಕಳಿಸಬೇಡಿ.

ವಿಳಾಸ ಸಿಕ್ಕಿತೆಂದರೆ ಉಳಿದ ಬಾಗಿಲುಗಳು ತೆರೆಯುತ್ತವೆ. ಫ್ರಾನ್ಸಿನ ವ್ಯವಸ್ಥೆ ನಡೆಯುವುದೇ ಹೀಗೆ. ವಿಳಾಸವಿಲ್ಲದೆ ಬ್ಯಾಂಕ್ ಖಾತೆ ಇಲ್ಲ, ಖಾತೆಯಿಲ್ಲದೆ ‘ರಿಬ್’ ಇಲ್ಲ. ರಿಬ್ ಎಂದರೆ ನಿಮ್ಮ ಖಾತೆ ಸಂಖ್ಯೆ, ಬ್ಯಾಂಕ್ ವಿವರ ಇರುವ ಒಂದು ಹಾಳೆ. ಫೋನ್ ಕಂಪನಿ, ಕರೆಂಟು ಕಂಪನಿ, ಮನೆ ವಿಮೆ, ಆರೋಗ್ಯ ವಿಮೆ ಎಲ್ಲರೂ ಕೇಳುವುದು ಅದನ್ನೇ. ಹತ್ತಾರು ಪ್ರತಿ ಇಟ್ಟುಕೊಳ್ಳಿ. ಬ್ಯಾಂಕಿನ ಶಾಖೆಗೆ ಹೋಗಲು ಮೊದಲೇ ಸಮಯ ಗೊತ್ತುಮಾಡಿಕೊಳ್ಳಬೇಕು, ನೇರ ಹೋಗಿ ನಿಂತರೆ ವಾಪಸ್ ಕಳಿಸುತ್ತಾರೆ. ಚೆಕ್ಕು ಅಲ್ಲಿ ಇನ್ನೂ ಬಳಕೆಯಲ್ಲಿದೆ. ಖಾತೆಯಲ್ಲಿ ಹಣವಿಲ್ಲದೆ ಚೆಕ್ ಕೊಟ್ಟು ಬೌನ್ಸ್ ಆದರೆ, ಸರಿಪಡಿಸದಿದ್ದಲ್ಲಿ ಐದು ವರ್ಷದವರೆಗೆ ಚೆಕ್ ಬರೆಯುವ ಹಕ್ಕೇ ಹೋಗುತ್ತದೆ. ಬಾಡಿಗೆದಾರರ ಮನೆ ವಿಮೆಯೂ ಅಲ್ಲಿ ಕಡ್ಡಾಯ. ತಿಂಗಳಿಗೆ ಕೆಲವೇ ಯೂರೋಗಳಲ್ಲಿ ಮುಗಿಯುತ್ತದೆ.

ಫ್ರಾನ್ಸಿಗೆ ಇಳಿದ ಮೂರು ತಿಂಗಳೊಳಗೆ ವೀಸಾವನ್ನು ಆನ್‌ಲೈನ್‌ನಲ್ಲಿ ‘ವ್ಯಾಲಿಡೇಟ್’, ಅಂದರೆ ಚಾಲ್ತಿಗೊಳಿಸಬೇಕು. ವೀಸಾ ಸಂಖ್ಯೆ, ವಿಳಾಸ ಕೊಟ್ಟು, ತೆರಿಗೆ ಮುದ್ರೆಯ ಶುಲ್ಕ ಕಟ್ಟಿದರೆ ಮುಗಿಯಿತು. ಇದನ್ನು ಮರೆತರೆ ನಿಮ್ಮ ವಾಸ ಅಕ್ರಮವಾಗುತ್ತದೆ. ರಜೆಗೆ ಹೊರಗೆ ಹೋದವರು ಮತ್ತೆ ಒಳಗೆ ಬರಲು ಕಷ್ಟಪಡಬೇಕಾಗುತ್ತದೆ. ಪಾಠ ಶುರುವಾದ ಮೇಲೆ ಮೂರು ತಿಂಗಳು ಹೋದದ್ದೇ ತಿಳಿಯುವುದಿಲ್ಲ. ಇಳಿದ ವಾರವೇ ಮುಗಿಸಿಬಿಡಿ.

ಆರೋಗ್ಯ ವಿಮೆಗೆ ‘ಅಮೆಲಿ’ ಎಂಬ ಸರಕಾರಿ ತಾಣದಲ್ಲಿ ವಿದೇಶಿ ವಿದ್ಯಾರ್ಥಿಗಳಿಗೆಂದೇ ಇರುವ ಪುಟದಲ್ಲಿ ನೋಂದಾಯಿಸಬೇಕು. ನೋಂದಣಿ ಉಚಿತ. ಸಂಖ್ಯೆ ಬರಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಹಿಡಿಯುತ್ತವೆ. ಅಲ್ಲಿಯವರೆಗೆ ಔಷಧಿಯ, ವೈದ್ಯರ ಬಿಲ್ಲುಗಳನ್ನು ಜೋಪಾನವಾಗಿಡಿ. ಸಾಮಾನ್ಯ ವೈದ್ಯರ ಶುಲ್ಕ 30 ಯೂರೋ. ಒಬ್ಬರನ್ನು ‘ನನ್ನ ಕಾಯಂ ವೈದ್ಯರು’ ಎಂದು ನೋಂದಾಯಿಸಿಕೊಂಡಿದ್ದರೆ ಅದರಲ್ಲಿ 19 ಯೂರೋ ಖಾತೆಗೆ ಹಿಂತಿರುಗುತ್ತದೆ. ನೋಂದಾಯಿಸದಿದ್ದರೆ ಬರುವುದು ತೀರಾ ಕಡಿಮೆ. ಉಳಿದ ಭಾಗಕ್ಕೆ ‘ಮ್ಯುತ್ಯುಎಲ್’ ಎಂಬ ಪೂರಕ ವಿಮೆ ಇದೆ. ಹಲ್ಲು, ಕನ್ನಡಕದ ಖರ್ಚು ಇರುವವರು ಮಾಡಿಸುವುದು ಒಳ್ಳೆಯದು. ಹಲ್ಲಿನ ರಿಪೇರಿಯನ್ನಂತೂ ಊರಲ್ಲೇ ಮುಗಿಸಿಕೊಂಡು ಹೋಗಿ. ವೈದ್ಯರ ಸಮಯ ಗೊತ್ತುಮಾಡಲು ಎಲ್ಲರೂ ಬಳಸುವುದು ‘ಡಾಕ್ಟೊಲಿಬ್’ ಆ್ಯಪ್. ಇಂಗ್ಲಿಷ್ ಬರುವ ವೈದ್ಯರನ್ನೂ ಅದರಲ್ಲೇ ಹುಡುಕಬಹುದು. ತುರ್ತಿಗೆ 15ಕ್ಕೆ ಅಥವಾ 112ಕ್ಕೆ ಫೋನ್ ಮಾಡಿ.

ಓಡಾಟ ಹೇಗೆ? ಪ್ಯಾರಿಸ್ಸಿನ ಗಾರ್ ದ ಲಿಯೋಂ ನಿಲ್ದಾಣದಿಂದ ‘ಆರ್’ ಲೈನಿನ ರೈಲು ಹಿಡಿದರೆ ಸುಮಾರು ನಲವತ್ತು ನಿಮಿಷಕ್ಕೆ ಫೊಂತೆನ್‌ಬ್ಲೋ-ಆವೋಂ ನಿಲ್ದಾಣ. ಅಲ್ಲಿಂದ ಬಸ್ಸು. ಒಂದು ಸಲದ ರೈಲು ಟಿಕೆಟಿಗೆ 2025ರಿಂದ ದೂರ ಎಷ್ಟೇ ಇರಲಿ ಒಂದೇ ದರ, ಎರಡೂವರೆ ಯೂರೋ ಆಸುಪಾಸು. ವಿಮಾನ ನಿಲ್ದಾಣದ ಟಿಕೆಟ್ ಮಾತ್ರ ಬೇರೆ, ಹೆಚ್ಚು ದುಬಾರಿ. ವಾರಕ್ಕೆ ಹಲವು ಸಲ ಓಡಾಡುವವರಿಗೆ ನಾವಿಗೋ ಎಂಬ ತಿಂಗಳ ಪಾಸ್ ಇದೆ, ತೊಂಬತ್ತು ಯೂರೋ ಹತ್ತಿರ. ಕಾರು ಓಡಿಸುವ ಆಲೋಚನೆಯಿದ್ದರೆ ಊರಲ್ಲೇ ಆರ್‌ಟಿಒದಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಪಡೆಯಿರಿ. ಅದು ಒಂದು ವರ್ಷ ನಡೆಯುತ್ತದೆ. ವಿದ್ಯಾರ್ಥಿ ವೀಸಾದವರು ಓದು ಮುಗಿಯುವವರೆಗೆ ಭಾರತದ ಪರವಾನಗಿಯ ಮೇಲೆ ಓಡಿಸಲು ಅಲ್ಲಿ ಅವಕಾಶವಿದೆ. ರಸ್ತೆಯ ಬಲಬದಿಯಲ್ಲಿ ಓಡಿಸಬೇಕು ಎಂಬುದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಇದು: ಫಲಕ ಇಲ್ಲದ ಕೂಡುರಸ್ತೆಗಳಲ್ಲಿ ನಿಮ್ಮ ಬಲಗಡೆಯ ಓಣಿಯಿಂದ ಬರುವವರಿಗೆ ದಾರಿ ಬಿಡಬೇಕು, ಅದು ಎಷ್ಟೇ ಚಿಕ್ಕ ಓಣಿಯಾಗಿರಲಿ. ರಾತ್ರಿ ಕಾಡುರಸ್ತೆಯಲ್ಲಿ ಜಿಂಕೆ, ಕಾಡುಹಂದಿ ಅಡ್ಡ ಬರುತ್ತವೆ. ನಿಧಾನವಾಗಿ ಓಡಿಸಿ.

ಅಡುಗೆಯ ವಿಷಯಕ್ಕೆ ಬರೋಣ. ಹತ್ತು ತಿಂಗಳು ಮನಸ್ಸು ಹದವಾಗಿರಬೇಕಾದರೆ ವಾರಕ್ಕೆ ನಾಲ್ಕು ದಿನವಾದರೂ ಸಾರು-ಅನ್ನ ಹೊಟ್ಟೆಗೆ ಬೀಳಬೇಕು ಎಂದು ನಾನು ನಂಬಿದ್ದೇನೆ. ಕುಕ್ಕರ್ ಒಯ್ಯುವ ಮುನ್ನ ಯೋಚಿಸಿ. ಅಲ್ಲಿನ ಬಾಡಿಗೆ ಮನೆಗಳಲ್ಲಿ ಇಂಡಕ್ಷನ್ ಒಲೆ ಸಾಮಾನ್ಯ. ನಮ್ಮ ಅಲ್ಯೂಮಿನಿಯಂ ಕುಕ್ಕರ್ ಅದರ ಮೇಲೆ ಬಿಸಿಯೇ ಆಗದು. ತಳದಲ್ಲಿ ‘ಇಂಡಕ್ಷನ್ ಬೇಸ್’ ಎಂದಿರುವ ಸ್ಟೀಲ್ ಕುಕ್ಕರ್ ಕೊಳ್ಳಿ, ಒಂದು ಗ್ಯಾಸ್ಕೆಟ್ ಹೆಚ್ಚಿಗೆ ಇಟ್ಟುಕೊಳ್ಳಿ. ಮಿಕ್ಸಿ ಒಯ್ಯಬಹುದು. ಅಲ್ಲಿಯೂ ವಿದ್ಯುತ್ 230 ವೋಲ್ಟ್, 50 ಹರ್ಟ್ಸ್. ಪ್ಲಗ್ಗಿನ ಆಕಾರ ಬೇರೆ, ಅದಕ್ಕೊಂದು ಅಡಾಪ್ಟರ್ ಸಾಕು.

ಪೆಟ್ಟಿಗೆಗೆ ಏನು ತುಂಬಬಹುದು, ಏನು ಬಾರದು? ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ತರುವುದನ್ನು ಯುರೋಪಿಯನ್ ಒಕ್ಕೂಟ ನಿಷೇಧಿಸಿದೆ. ಅಮ್ಮ ಕಾಯಿಸಿದ ತುಪ್ಪ, ಧಾರವಾಡ ಪೇಡ ಎರಡೂ ಈ ಪಟ್ಟಿಗೆ ಬೀಳುತ್ತವೆ. ಹಸಿ ಕರಿಬೇವು, ತರಕಾರಿ, ಮಾವಿನಹಣ್ಣಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಅಂದರೆ ಒಯ್ಯಲಾಗದು ಎಂದೇ ತಿಳಿಯಿರಿ. ಸಾರಿನಪುಡಿ, ಹುಳಿಪುಡಿ, ಚಟ್ನಿಪುಡಿ, ಬೇಳೆ ಇವಕ್ಕೆ ಜಾಗ ಕೊಡಿ. ತುಪ್ಪದ ಚಿಂತೆ ಬೇಡ. ಅಲ್ಲಿನ ಉಪ್ಪಿಲ್ಲದ ಬೆಣ್ಣೆ ಬಹಳ ಒಳ್ಳೆಯದು. ಸಣ್ಣ ಉರಿಯಲ್ಲಿ ಕಾಯಿಸಿದರೆ ಘಮಘಮ ತುಪ್ಪ ಮನೆಯಲ್ಲೇ ಆಗುತ್ತದೆ. ಉಪ್ಪಿಟ್ಟಿಗೆ ಬೇಕಾದ ರವೆ ಯಾವ ಸೂಪರ್ ಮಾರ್ಕೆಟ್ಟಿನಲ್ಲೂ ‘ಸೆಮೂಲ್’ ಎಂಬ ಹೆಸರಿನಲ್ಲಿ ಇರುತ್ತದೆ. ಮಸೂರ್ ಬೇಳೆಯೂ ಸಿಗುತ್ತದೆ. ಫೊಂತೆನ್‌ಬ್ಲೋ ಸಂತೆ ಮಂಗಳವಾರ, ಶುಕ್ರವಾರ, ಭಾನುವಾರ ಬೆಳಗ್ಗೆ. ತರಕಾರಿ ತಾಜಾ ಇರುತ್ತದೆ.

ತೊಗರಿಬೇಳೆ, ಹುಣಸೆ, ಕರಿಬೇವು, ತೆಂಗಿನಕಾಯಿ ಬೇಕೆಂದರೆ ಪ್ಯಾರಿಸ್ಸಿನ ಲಾ ಶಪೆಲ್ ಬಡಾವಣೆಗೆ ಹೋಗಬೇಕು. ಗಾರ್ ದ ಲಿಯೋಂನಲ್ಲಿ ಇಳಿದು ‘ಡಿ’ ಲೈನಿನ ರೈಲಿನಲ್ಲಿ ಗಾರ್ ದ್ಯು ನೋರ್‌ವರೆಗೆ ಎರಡೇ ನಿಲ್ದಾಣ. ಅಲ್ಲಿಂದ ನಡೆದರೆ ಫೋಬೂರ್ ಸಾಂ-ದೆನಿ ಬೀದಿ, ಕಾಯ್ ಬೀದಿ. ಸಾಲು ಸಾಲು ಅಂಗಡಿಗಳು, ಹೆಚ್ಚಿನವರು ಶ್ರೀಲಂಕಾದ ತಮಿಳರು. ತಿಂಗಳಿಗೊಮ್ಮೆ ದೊಡ್ಡ ಚೀಲ ಹಿಡಿದು ಹೋಗಿ ಬಂದರೆ ಸಾಕು. ಅಲ್ಲೇ ಹತ್ತಿರ ಪಜೋಲ್ ಬೀದಿಯಲ್ಲಿ ಶ್ರೀ ಮಾಣಿಕ್ಕ ವಿನಾಯಕರ್ ಗುಡಿಯಿದೆ. ಗಣೇಶ ಚೌತಿಯ ಸುಮಾರಿಗೆ, ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರ್ ಮೊದಲಿಗೆ, ಪ್ಯಾರಿಸ್ ಬೀದಿಗಳಲ್ಲಿ ತೇರು ಹೊರಡುತ್ತದೆ. ಬೀದಿಯಲ್ಲಿ ತೆಂಗಿನಕಾಯಿ ರಾಶಿ ಹಾಕಿ ಒಡೆಯುತ್ತಾರೆ. ಆಗಸ್ಟ್ ತಂಡದವರು ಊರು ಬಿಟ್ಟು ಬಂದ ಹೊಸತರಲ್ಲೇ ಇದು ಬರುವುದರಿಂದ ತಪ್ಪದೆ ನೋಡಿ ಬನ್ನಿ.

ಹೊರಗೆ ತಿನ್ನುವ ಸಸ್ಯಾಹಾರಿಗಳು ಕೇಳಿ ತಿನ್ನಬೇಕು. ಸೂಪಿನಲ್ಲಿ ಮಾಂಸದ ಸಾರ ಇರಬಹುದು. ಸಲಾಡಿನಲ್ಲಿ ಹಂದಿಮಾಂಸದ ಸಣ್ಣ ತುಣುಕು ಹಾಕಿರುತ್ತಾರೆ. ಹಲವು ಸಾಂಪ್ರದಾಯಿಕ ಚೀಸ್‌ಗಳಿಗೆ ಹಾಲು ಒಡೆಯಲು ಕರುವಿನ ಜಠರದ ಕಿಣ್ವ ಬಳಸುತ್ತಾರೆ. ಹೋಟೆಲಿನ ಅಡುಗೆಮನೆ ಮಧ್ಯಾಹ್ನ ಎರಡಕ್ಕೆ ಮುಚ್ಚಿ ಸಂಜೆ ಏಳಕ್ಕೆ ತೆರೆಯುತ್ತದೆ, ನಡುವೆ ಹಸಿದರೆ ಬೇಕರಿಯೇ ಗತಿ.

ಫ್ರೆಂಚ್ ಬರದಿದ್ದರೆ ಪಾಠಕ್ಕೆ ತೊಂದರೆಯಿಲ್ಲ, ಎಲ್ಲ ಇಂಗ್ಲಿಷಿನಲ್ಲೇ. ಊರಿನ ಬದುಕಿಗೆ ಮಾತ್ರ ಬೇಕು. ಬೆಂಗಳೂರಿನ ವಸಂತನಗರದ ಅಲಿಯಾನ್ಸ್ ಫ್ರಾಂಸೇಸ್‌ನಲ್ಲಿ ಮೊದಲ ಹಂತವಾದರೂ ಮುಗಿಸಿ ಹೋಗಿ. ಅಂಗಡಿ, ಬಸ್ಸು, ವೈದ್ಯರ ಕೋಣೆ, ಎಲ್ಲಿಗೆ ಕಾಲಿಟ್ಟರೂ ಮೊದಲು ‘ಬೋಂಜೂರ್’ ಎನ್ನಿ, ಆಮೇಲೆ ಕೆಲಸ ಹೇಳಿ. ಅದನ್ನು ಬಿಟ್ಟು ನೇರ ಪ್ರಶ್ನೆಗೆ ಹೋದರೆ ಒರಟುತನ ಎಂದೇ ಭಾವಿಸುತ್ತಾರೆ.

ತರಗತಿಯ ಬದುಕು ನಿಂತಿರುವುದು ‘ಸ್ಟಡಿ ಗ್ರೂಪ್’ ಮೇಲೆ. ಐದಾರು ಜನರ ಅಧ್ಯಯನ ತಂಡ. ಅದನ್ನು ನೀವು ಆರಿಸಿಕೊಳ್ಳುವಂತಿಲ್ಲ, ಶಾಲೆಯೇ ಕಟ್ಟಿಕೊಡುತ್ತದೆ. ಬೇರೆ ಬೇರೆ ದೇಶ, ಬೇರೆ ಬೇರೆ ಕಸುಬಿನವರನ್ನು ಬೇಕೆಂದೇ ಸೇರಿಸುತ್ತಾರೆ. ಬ್ಯಾಂಕಿನವರು, ಸೈನ್ಯದಿಂದ ಬಂದವರು, ವೈದ್ಯರು, ಎಂಜಿನಿಯರ್ ಒಂದೇ ಮೇಜಿನ ಸುತ್ತ ಕೂತು ಲೆಕ್ಕಪತ್ರದ, ಸಂಖ್ಯಾಶಾಸ್ತ್ರದ ಅಸೈನ್‌ಮೆಂಟುಗಳನ್ನು ಒಟ್ಟಿಗೆ ಬರೆಯಬೇಕು. ಜಗಳಗಳು ಹುಟ್ಟುವುದೂ, ಜೀವಮಾನದ ಗೆಳೆತನ ಬೆಳೆಯುವುದೂ ಇಲ್ಲೇ.

ನಮ್ಮವರಿಗೆ ಇಲ್ಲಿ ಎರಡು ಕಡೆ ಎಡವಟ್ಟಾಗುತ್ತದೆ. ಒಂದು, ಆಗದ ಕೆಲಸವನ್ನು ಆಗದು ಎಂದು ನಾವು ಮುಖಕ್ಕೆ ಹೇಳುವುದು ಕಡಿಮೆ. ಎದುರಿನವರು ಅರ್ಥ ಮಾಡಿಕೊಳ್ಳುತ್ತಾರೆ ಎಂದು ನಂಬಿರುತ್ತೇವೆ. ನೆದರ್ಲೆಂಡ್ಸಿನ ಗೆಳತಿ ಅದನ್ನು ಒಪ್ಪಿಗೆ ಎಂದೇ ತಿಳಿದು ಮರುದಿನ ಕೆಲಸ ಕೇಳುತ್ತಾಳೆ. ಎರಡು, ಅದೇ ಗೆಳತಿ ನಿಮ್ಮ ಬರಹ ಓದಿ ಇದು ಚೆನ್ನಾಗಿಲ್ಲ ಎಂದು ಎಲ್ಲರೆದುರು ಹೇಳಿದರೆ ನಿಮಗೆ ಅವಮಾನ ಅನ್ನಿಸುತ್ತದೆ. ಅವಳು ಟೀಕಿಸಿದ್ದು ಬರಹವನ್ನು, ನಿಮ್ಮನ್ನಲ್ಲ. ಇನ್ಸಿಯಾಡ್‌ನ ಪ್ರಾಧ್ಯಾಪಕಿ ಎರಿನ್ ಮೇಯರ್ ದೇಶದೇಶಗಳ ಈ ವ್ಯತ್ಯಾಸಗಳ ಬಗ್ಗೆಯೇ 2014ರಲ್ಲಿ ‘ದಿ ಕಲ್ಚರ್ ಮ್ಯಾಪ್’ ಎಂಬ ಪುಸ್ತಕ ಬರೆದಿದ್ದಾರೆ. ಹೊರಡುವ ಮುಂಚೆ ಓದಿ. ತಂಡದ ಮೊದಲ ಸಭೆಯಲ್ಲೇ ಕೆಲವು ವಿಷಯ ಬಾಯಿಬಿಟ್ಟು ಮಾತಾಡಿಕೊಳ್ಳಿ: ಎಷ್ಟು ಹೊತ್ತಿಗೆ ಸೇರುವುದು, ತಡವಾದರೆ ಏನು, ಟೀಕೆಯನ್ನು ಹೇಗೆ ಹೇಳುವುದು, ಭಾನುವಾರ ಯಾರಿಗೆ ಬಿಡುವು ಬೇಕು. ನಾವು ಭಾರತೀಯರು ಇನ್ನೊಂದು ಅಭ್ಯಾಸವನ್ನೂ ನೋಡಿಕೊಳ್ಳಬೇಕು. ಊಟಕ್ಕೆ, ಪ್ರವಾಸಕ್ಕೆ ನಮ್ಮನಮ್ಮವರೇ ಗುಂಪು ಕಟ್ಟಿದರೆ ಇಷ್ಟು ದೂರ ಬಂದ ಉದ್ದೇಶವೇ ಹೋಯಿತು.

ಡಿಸೆಂಬರಿನಲ್ಲಿ ಸೂರ್ಯ ಹುಟ್ಟುವುದು ಎಂಟೂವರೆ ದಾಟಿದ ಮೇಲೆ, ಮುಳುಗುವುದು ಐದಕ್ಕೂ ಮೊದಲೇ. ಈ ಕತ್ತಲೆ ಚಳಿಗಿಂತ ಹೆಚ್ಚು ಕಾಡುತ್ತದೆ. ಮಧ್ಯಾಹ್ನ ಅರ್ಧ ಗಂಟೆ ಹೊರಗೆ ನಡೆಯುವ ರೂಢಿ ಮಾಡಿ. ಮನೆಗೆ ಫೋನ್ ಮಾಡುವ ಹೊತ್ತೂ ಆಗ ಬದಲಾಗುತ್ತದೆ. ಬೇಸಿಗೆಯಲ್ಲಿ ನಾವು ಅವರಿಗಿಂತ ಮೂರೂವರೆ ಗಂಟೆ ಮುಂದು, ಅಕ್ಟೋಬರ್ ಕೊನೆಯ ಭಾನುವಾರದಿಂದ ನಾಲ್ಕೂವರೆ. ಸಂಜೆ ಎಂಟಕ್ಕೆ ನೀವು ಬಿಡುವಾದಾಗ ಊರಲ್ಲಿ ರಾತ್ರಿ ಹನ್ನೆರಡೂವರೆ. ಬೆಳಗಿನ ತಿಂಡಿಯ ಹೊತ್ತೇ ಮಾತಿಗೆ ಅನುಕೂಲ. ಕಾಡು ನಿಮ್ಮ ಬಾಗಿಲಲ್ಲೇ ಇದೆ. ಬಂಡೆ ಹತ್ತುವವರು ಜಗತ್ತಿನೆಲ್ಲೆಡೆಯಿಂದ ಅಲ್ಲಿಗೆ ಬರುತ್ತಾರೆ. ದೆನೆಕೂರ್ ಎಂಬಾತ 1840ರ ದಶಕದಲ್ಲೇ ಅಲ್ಲಿ ಗುರುತು ಹಾಕಿದ ಕಾಲುದಾರಿ ಮಾಡಿದ್ದ. ನಡೆದು ಬಂದ ಮೇಲೆ ಕಾಲು, ಮಂಡಿಯ ಹಿಂಭಾಗ ನೋಡಿಕೊಳ್ಳಿ. ಅಲ್ಲಿನ ಉಣ್ಣೆ ಕಚ್ಚಿದರೆ ಲೈಮ್ ಎಂಬ ಕಾಯಿಲೆ ಬರಬಹುದು.

ಸಂಗಾತಿಯನ್ನು ಕರೆದೊಯ್ಯುವವರಿಗೆ ಸ್ಪಷ್ಟವಾಗಿ ಹೇಳಬೇಕು. ವಿದ್ಯಾರ್ಥಿ ವೀಸಾದವರ ಗಂಡ ಅಥವಾ ಹೆಂಡತಿಗೆ ಸಿಗುವುದು ಸಾಮಾನ್ಯವಾಗಿ ‘ವಿಸಿಟರ್’ ವೀಸಾ. ಅದರಲ್ಲಿ ಅಲ್ಲಿ ಕೆಲಸ ಮಾಡುವಂತಿಲ್ಲ. ಇಬ್ಬರ ಖರ್ಚಿಗೂ ಹಣ ತೋರಿಸಬೇಕು. ನೀವು ಬೆಳಗ್ಗೆಯಿಂದ ರಾತ್ರಿವರೆಗೆ ತರಗತಿ, ಗ್ರೂಪು, ಸಂದರ್ಶನ ಎಂದು ಓಡುತ್ತಿರುವಾಗ ಅವರು ಭಾಷೆ ಬರದ ಊರಲ್ಲಿ ಒಬ್ಬರೇ ಇರುತ್ತಾರೆ. ಸಂಗಾತಿಗಳಿಗೂ ಕ್ಯಾಂಪಸ್ಸಿನ ಕ್ಲಬ್ಬು, ಕಾರ್ಯಕ್ರಮಗಳು ತೆರೆದಿವೆ. ಮೊದಲ ವಾರದಿಂದಲೇ ಅವರನ್ನು ಸೇರಿಸಿಕೊಳ್ಳಿ. ಊರಲ್ಲಿ ಒಳ್ಳೆಯ ಕೆಲಸ ಬಿಟ್ಟು ಬರಬೇಕಾದರೆ, ಪೂರ್ತಿ ಹತ್ತು ತಿಂಗಳು ಬರಬೇಕೇ, ರಜೆಗಳಲ್ಲಿ ಬಂದು ಹೋದರೆ ಸಾಕೇ ಎಂದು ಇಬ್ಬರೂ ಕೂತು ಮಾತಾಡಿ.

ಮೂರನೆಯ ಪೀರಿಯಡ್‌ನಿಂದ ಸಿಂಗಪುರ ಕ್ಯಾಂಪಸ್ಸಿಗೆ ಬದಲಾಯಿಸಿಕೊಳ್ಳುವ ಅವಕಾಶ ಬರುತ್ತದೆ. ಹಲವರು ಹೋಗುತ್ತಾರೆ. ಆಗ ಇಲ್ಲಿನ ಕೋಣೆ ಏನಾಗಬೇಕು? ಅಲ್ಲಿಂದ ಇಲ್ಲಿಗೆ ಬರುವವರಿಗೆ ಎರಡು ತಿಂಗಳಿಗೆ ಕೊಡಬಹುದು, ಆದರೆ ಮಾಲೀಕರ ಲಿಖಿತ ಒಪ್ಪಿಗೆ ಬೇಕು. ಕರಾರಿಗೆ ಸಹಿ ಹಾಕುವಾಗಲೇ ಈ ಮಾತು ಎತ್ತಿ ಬರೆಸಿಕೊಳ್ಳಿ.

ಕೊನೆಗೆ ಮನೆ ಬಿಡುವಾಗ ಒಂದು ತಿಂಗಳ ಮುಂಚೆ ರಿಜಿಸ್ಟರ್ಡ್ ಅಂಚೆಯಲ್ಲಿ ನೋಟಿಸ್ ಕಳಿಸಬೇಕು. ಕರೆಂಟು, ಇಂಟರ್ನೆಟ್, ಮನೆ ವಿಮೆ ಒಂದೊಂದನ್ನೂ ಬೇರೆ ಬೇರೆ ರದ್ದು ಮಾಡಿಸಬೇಕು, ತಾನಾಗಿ ಯಾವುದೂ ನಿಲ್ಲುವುದಿಲ್ಲ. ಡೆಪಾಸಿಟ್ ಕೊಟ್ಟಿದ್ದರೆ, ಮನೆ ಬಂದಾಗ ಇದ್ದ ಹಾಗೆಯೇ ಇದ್ದಲ್ಲಿ ಮಾಲೀಕರು ಒಂದು ತಿಂಗಳೊಳಗೆ ಅದನ್ನು ಹಿಂತಿರುಗಿಸಬೇಕು. ವ್ಯತ್ಯಾಸವಿದ್ದರೆ ಎರಡು ತಿಂಗಳೊಳಗೆ, ಕಡಿತದ ಲೆಕ್ಕದೊಂದಿಗೆ. ಆ ಹಣ ಕೈಸೇರುವವರೆಗೂ ಫ್ರಾನ್ಸಿನ ಬ್ಯಾಂಕ್ ಖಾತೆಯನ್ನು ಮುಚ್ಚಬೇಡಿ.